ಬಾರದವರ ಲೆಕ್ಕ ಹಿಡಿದ ಆಸ್ಪತ್ರೆ

ಹಳ್ಳಿಗಳಲ್ಲಿ ಅರವತ್ತು ದಾಟಿದ ಅಜ್ಜನೋ ಅಜ್ಜಿಯೋ ಗೋಡೆ ಹಿಡಿದು ನಡೆಯತೊಡಗಿದರೆ ಮನೆಯವರು ಅದನ್ನು ಕಾಯಿಲೆ ಎಂದು ತಿಳಿಯುವುದೇ ಕಡಿಮೆ. ‘ವಯಸ್ಸಾಯಿತು, ಕಣ್ಣು ಮಂಜಾಯಿತು’ ಎಂದು ಸುಮ್ಮನಾಗುತ್ತಾರೆ. ಕೂದಲು ನೆರೆತಂತೆ, ಹಲ್ಲು ಬಿದ್ದಂತೆ ಇದೂ ಒಂದು ಎಂಬ ಭಾವನೆ. ಆದರೆ ಕಣ್ಣಿನ ಪೊರೆ, ಉತ್ತರ ಕರ್ನಾಟಕದವರು ಮೋತಿಬಿಂದು ಎಂದು ಕರೆಯುವ ಈ ತೊಂದರೆ, ಸರಿಪಡಿಸಬಹುದಾದ ಕುರುಡುತನ. ಕಣ್ಣಿನೊಳಗಿನ ಮಸೂರ ಮಬ್ಬಾಗುತ್ತದೆ. ಅದನ್ನು ತೆಗೆದು ಕೃತಕ ಮಸೂರ ಕೂರಿಸಿದರೆ ಒಂದೆರಡು ದಿನಗಳಲ್ಲೇ ದೃಷ್ಟಿ ಮರಳುತ್ತದೆ. ನುರಿತ ವೈದ್ಯರಿಗೆ ಇದು ಕೆಲವೇ ನಿಮಿಷಗಳ ಕೆಲಸ. ಇಷ್ಟು ಸುಲಭದ ಚಿಕಿತ್ಸೆ ಇದ್ದೂ ಭಾರತದಲ್ಲಿ ಕುರುಡುತನಕ್ಕೆ ಮೊದಲ ಕಾರಣ ಇಂದಿಗೂ ಈ ಪೊರೆಯೇ.

ಹಾಗಾದರೆ ಕೊರತೆ ಇರುವುದೆಲ್ಲಿ? ವೈದ್ಯರಲ್ಲೇ, ಹಣದಲ್ಲೇ, ಔಷಧದಲ್ಲೇ? ಈ ಪ್ರಶ್ನೆಯ ಬೆನ್ನು ಹತ್ತಿ ಸುಮಾರು ಐದು ದಶಕಗಳಿಂದ ಉತ್ತರ ಹುಡುಕುತ್ತ ಬಂದಿರುವುದು ತಮಿಳುನಾಡಿನ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ. ಲಾಭದ ಉದ್ದೇಶವಿಲ್ಲದ ಟ್ರಸ್ಟ್ ನಡೆಸುವ ಈ ಸಂಸ್ಥೆ ಈಗ ಕೇವಲ ಒಂದು ಆಸ್ಪತ್ರೆಯಾಗಿ ಉಳಿದಿಲ್ಲ. ತಿರುನೆಲ್ವೇಲಿ, ಕೊಯಮತ್ತೂರು, ಪುದುಚೇರಿ, ಚೆನ್ನೈ, ತಿರುಪತಿಗಳಲ್ಲಿ ದೊಡ್ಡ ಆಸ್ಪತ್ರೆಗಳು, ಸಣ್ಣ ಊರುಗಳಲ್ಲಿ ನೂರಕ್ಕೂ ಹೆಚ್ಚು ದೃಷ್ಟಿ ಕೇಂದ್ರಗಳು, ಮಸೂರ ತಯಾರಿಸುವ ಘಟಕ, ತರಬೇತಿ ಸಂಸ್ಥೆ ಎಲ್ಲ ಸೇರಿದ ಜಾಲ ಇದು. ಇಲ್ಲಿ ನಡೆಯುವ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಅರ್ಧದಷ್ಟು ಉಚಿತ ಇಲ್ಲವೇ ತೀರ ಕಡಿಮೆ ದರದವು. ಹಾಗಿದ್ದೂ ದಿನನಿತ್ಯದ ಖರ್ಚಿಗೆ ಸಂಸ್ಥೆ ದೇಣಿಗೆಯ ಮುಖ ನೋಡಿ ಕೂರುವುದಿಲ್ಲ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1993ರಲ್ಲೇ ಇದನ್ನು ಪಾಠವಾಗಿ ತನ್ನ ವಿದ್ಯಾರ್ಥಿಗಳ ಮುಂದಿಟ್ಟಿತು.

ಸೊಟ್ಟ ಬೆರಳುಗಳ ವೈದ್ಯ

ಈ ಜಾಲದ ಸ್ಥಾಪಕರು ಡಾ. ಗೋವಿಂದಪ್ಪ ವೆಂಕಟಸ್ವಾಮಿ. ‘ಡಾ. ವಿ’ ಎಂದೇ ಹೆಸರಾದವರು. 1918ರಲ್ಲಿ ತಮಿಳುನಾಡಿನ ದಕ್ಷಿಣ ಭಾಗದ ವಡಮಲಾಪುರಂ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಬಂಧುಗಳ ಪೈಕಿ ಮೂವರು ಹೆಣ್ಣುಮಕ್ಕಳು ಬಸಿರು ಬಾಣಂತನದ ತೊಂದರೆಗಳಿಂದ ತೀರಿಕೊಂಡದ್ದು ಹುಡುಗನ ಮನಸ್ಸಿನಲ್ಲಿ ನಾಟಿತು. ಹೆರಿಗೆ ವೈದ್ಯನಾಗಬೇಕೆಂಬ ಛಲ ಹುಟ್ಟಿದ್ದು ಆಗಲೇ. ಮದರಾಸಿನ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ 1944ರಲ್ಲಿ ಪದವಿ ಪಡೆದು ಸೇನೆಯ ವೈದ್ಯಕೀಯ ವಿಭಾಗ ಸೇರಿದರು.

ಅಲ್ಲಿ ಕಾಡಿತು ಸಂಧಿವಾತ. ಹಾಸಿಗೆ ಹಿಡಿದು, 1948ರಲ್ಲಿ ಸೇನೆಯನ್ನು ಬಿಡಬೇಕಾಯಿತು. ಕೈಬೆರಳುಗಳು ಶಾಶ್ವತವಾಗಿ ಸೊಟ್ಟಗಾದವು. ಹೆರಿಗೆ ವೈದ್ಯನಾಗುವ ಕನಸು ಅಲ್ಲಿಗೆ ಮುಗಿಯಿತು. ಬೇರೆ ಯಾರಾದರೂ ಆಗಿದ್ದರೆ ಕತ್ತಿ ಹಿಡಿಯುವ ಕೆಲಸವೇ ಬೇಡವೆಂದು ಕೈಬಿಡುತ್ತಿದ್ದರೇನೋ. ಇವರು ಕೂದಲೆಳೆಯಷ್ಟು ನಿಖರತೆ ಬೇಡುವ ಕಣ್ಣಿನ ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡರು. ತಮ್ಮ ಬೆರಳುಗಳಿಗೆ ಹೊಂದುವ ಉಪಕರಣಗಳನ್ನು ಮಾಡಿಸಿಕೊಂಡು, ಅಭ್ಯಾಸ ಮಾಡಿ, ಜೀವಮಾನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬಯಸಿದ ಸೀಟು ಸಿಗಲಿಲ್ಲವೆಂದು ಮಕ್ಕಳೂ ಪೋಷಕರೂ ಕಂಗೆಡುವ ದಿನಗಳಲ್ಲಿ ಈ ವಿವರ ನೆನಪಿಡುವಂಥದ್ದು.

1956ರಿಂದ ಮದುರೆಯ ಸರ್ಕಾರಿ ವೈದ್ಯಕೀಯ ಕಾಲೇಜಿನ ನೇತ್ರ ವಿಭಾಗದ ಮುಖ್ಯಸ್ಥರಾಗಿದ್ದ ವೆಂಕಟಸ್ವಾಮಿ 1976ರಲ್ಲಿ, 58ನೇ ವಯಸ್ಸಿನಲ್ಲಿ ನಿವೃತ್ತರಾದರು. ಅದೇ ವರ್ಷ ಮದುರೆಯ ಮನೆಯೊಂದರಲ್ಲಿ 11 ಹಾಸಿಗೆಗಳ ಆಸ್ಪತ್ರೆ ತೆರೆದರು. ಅವರು ಮದುವೆಯಾಗಿರಲಿಲ್ಲ, ಒಡಹುಟ್ಟಿದವರ ಕುಟುಂಬಗಳೇ ಅವರ ಬಲ. ತಂಗಿ ಡಾ. ನಾಚ್ಚಿಯಾರ್, ಆಕೆಯ ಪತಿ ಡಾ. ನಂಪೆರುಮಾಳ್‌ಸಾಮಿ ಇಬ್ಬರೂ ಕಣ್ಣಿನ ವೈದ್ಯರು. ಆರಂಭದಿಂದಲೇ ಜತೆಗೆ ನಿಂತರು. ಮನೆ, ಒಡವೆಗಳನ್ನು ಅಡವಿಟ್ಟು ಹಣ ಹೊಂದಿಸಿದರೆಂದು ಸಂಸ್ಥೆಯ ಇತಿಹಾಸ ಹೇಳುತ್ತದೆ. ವೆಂಕಟಸ್ವಾಮಿ ಶ್ರೀ ಅರವಿಂದರ ಅನುಯಾಯಿ. ಆಸ್ಪತ್ರೆಗೆ ಆ ಹೆಸರು ಬಂದದ್ದು ಹಾಗೆ.

ಶಿಬಿರದ ಹಾದಿ

ಕಣ್ಣಿನ ಶಿಬಿರವೆಂದರೆ ಕರ್ನಾಟಕದ ಹಿರಿಯರಿಗೆ ತಟ್ಟನೆ ನೆನಪಾಗುವುದು ಬೀಳಗಿಯ ಡಾ. ಎಂ.ಸಿ. ಮೋದಿ. ‘ಕಣ್ಣು ಕೊಟ್ಟ ಅಣ್ಣ’ ಎಂದು ಜನ ಕರೆದ ಅವರು ಊರೂರು ಸುತ್ತಿ, ಶಾಲೆ ಛತ್ರಗಳಲ್ಲೇ ಸಾಮೂಹಿಕ ಶಸ್ತ್ರಚಿಕಿತ್ಸೆ ನಡೆಸಿದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಸ್ಥಾನ ಪಡೆದರು. ವೈದ್ಯರಿದ್ದಲ್ಲಿಗೆ ರೋಗಿ ಬಾರದಿದ್ದರೆ ರೋಗಿ ಇದ್ದಲ್ಲಿಗೆ ವೈದ್ಯ ಹೋಗಬೇಕು ಎಂಬ ಈ ದಾರಿಯಲ್ಲೇ ವೆಂಕಟಸ್ವಾಮಿಯವರೂ ಸರ್ಕಾರಿ ಸೇವೆಯಲ್ಲಿದ್ದಾಗ ಹಳ್ಳಿಗಳಿಗೆ ಶಿಬಿರ ಒಯ್ದವರು.

ಆದರೆ ಕಾಲ ಬದಲಾದಂತೆ ಚಿಕಿತ್ಸೆಯೂ ಬದಲಾಯಿತು. ಹಿಂದೆ ಪೊರೆ ಕಟ್ಟಿದ ಮಸೂರವನ್ನು ತೆಗೆದುಬಿಡುತ್ತಿದ್ದರು. ಅದರ ಜಾಗದಲ್ಲಿ ಏನನ್ನೂ ಇಡುತ್ತಿರಲಿಲ್ಲ. ರೋಗಿ ಜೀವನಪೂರ್ತಿ ಸೋಡಾಬುಡ್ಡಿಯಂಥ ದಪ್ಪ ಕನ್ನಡಕ ಹಾಕಬೇಕಿತ್ತು. ಅದು ಒಡೆದರೆ ಮತ್ತೆ ಕತ್ತಲೆ. ಕೃತಕ ಮಸೂರ ಕೂರಿಸುವ ಪದ್ಧತಿ ಬಂದಮೇಲೆ ಸೂಕ್ಷ್ಮದರ್ಶಕ, ಸ್ವಚ್ಛವಾದ ಶಸ್ತ್ರಚಿಕಿತ್ಸಾ ಕೊಠಡಿ ಅನಿವಾರ್ಯವಾದವು. ಶಾಲೆಯ ಜಗುಲಿಯಲ್ಲಿ ಅದು ಆಗುವ ಮಾತಲ್ಲ. ಆದ್ದರಿಂದ ಹಳ್ಳಿಯಲ್ಲಿ ತಪಾಸಣೆ, ನಗರದಲ್ಲಿ ಶಸ್ತ್ರಚಿಕಿತ್ಸೆ ಎಂದು ಕೆಲಸವನ್ನು ಎರಡು ಭಾಗ ಮಾಡಲಾಯಿತು.

ಈ ವ್ಯವಸ್ಥೆಯಲ್ಲಿ ಸ್ಥಳೀಯರ ಪಾಲು ದೊಡ್ಡದು. ಊರಿನ ಲಯನ್ಸ್ ಅಥವಾ ರೋಟರಿ ಕ್ಲಬ್, ಶಾಲೆ, ದೇವಸ್ಥಾನ, ಕಾರ್ಖಾನೆ, ಹೀಗೆ ಯಾರಾದರೂ ಶಿಬಿರದ ಹೊಣೆ ಹೊರುತ್ತಾರೆ. ಸ್ಥಳ, ಪ್ರಚಾರ, ಊಟೋಪಚಾರ ಅವರದು. ವೈದ್ಯರು, ಸಹಾಯಕರು, ಉಪಕರಣ ಆಸ್ಪತ್ರೆಯದು. ಪೊರೆ ಇದೆಯೆಂದು ಗೊತ್ತಾದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಶಸ್ತ್ರಚಿಕಿತ್ಸೆ ಮುಗಿಸಿ, ಮತ್ತೆ ಊರಿಗೆ ತಂದು ಬಿಡುತ್ತಾರೆ. ಕೆಲ ವಾರಗಳ ನಂತರ ಮರುತಪಾಸಣೆ.

ಉಚಿತವೂ ದುಬಾರಿ

ಕೇಳಲು ಇದು ಸರಳ. ಆದರೆ ಆರಂಭದ ವರ್ಷಗಳಲ್ಲಿ ಸಂಸ್ಥೆಯವರನ್ನು ತಬ್ಬಿಬ್ಬು ಮಾಡಿದ ಸಂಗತಿಯೊಂದಿತ್ತು. ‘ಶಸ್ತ್ರಚಿಕಿತ್ಸೆ ಮಾಡಿದರೆ ಕಣ್ಣು ಬರುತ್ತದೆ, ಒಂದು ಪೈಸೆಯೂ ಬೇಡ’ ಎಂದು ಹೇಳಿದರೂ ಬಹಳಷ್ಟು ಮಂದಿ ಬರಲೇ ಇಲ್ಲ. ಕುರುಡರಾಗಿದ್ದವರು, ಪರಿಹಾರವಿದೆಯೆಂದು ಗೊತ್ತಾದವರು, ಹಣ ಕೊಡಬೇಕಿಲ್ಲದವರು ಮನೆಯಲ್ಲೇ ಉಳಿದರು. ಹಳ್ಳಿಗರ ಅಜ್ಞಾನ ಎಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಬಾರದವರ ಮನೆಗೆ ಹೋಗಿ ಏಕೆ ಬರಲಿಲ್ಲವೆಂದು ಕೇಳಿದರು. 1981ರಲ್ಲಿ ವೆಂಕಟಸ್ವಾಮಿಯವರೂ ಸೇರಿ ಈ ಅಡ್ಡಿಗಳ ಬಗ್ಗೆ ಅಧ್ಯಯನ ಪ್ರಕಟಿಸಿದರು.

ಉತ್ತರಗಳು ಕಣ್ಣು ತೆರೆಸುವಂತಿದ್ದವು. ಚಿಕಿತ್ಸೆಗೆ ಕಾಸಿಲ್ಲ ನಿಜ, ಆದರೆ ಬಸ್ಸಿಗೆ? ಊಟಕ್ಕೆ? ಕಣ್ಣು ಕಾಣದ ಮುದುಕಿ ಒಬ್ಬಳೇ ಹೋಗುವಂತಿಲ್ಲ. ಜತೆಗೆ ಮಗನೋ ಸೊಸೆಯೋ ಬರಬೇಕು. ಅವರ ಕೂಲಿ ಹೋಗುತ್ತದೆ. ಸುಗ್ಗಿಯ ಕಾಲವಾದರೆ ಕೇಳುವುದೇ ಬೇಡ. ಇದರ ಮೇಲೆ ಕತ್ತಿಯ ಭಯ. ಇದ್ದಷ್ಟು ದಿನ ಹೀಗೇ ಕಳೆದರಾಯಿತು, ಇನ್ನೆಷ್ಟು ದಿನ ಎಂಬ ವೈರಾಗ್ಯ. ಕಣ್ಣಿಲ್ಲದವರೆಂದರೆ ಕೈಯಿಲ್ಲದ ಬಾಯಿ ಎಂಬ ಕಟು ಮಾತೊಂದಿದೆ. ದುಡಿಯಲಾಗದು, ಉಣ್ಣಿಸಬೇಕು ಎಂಬ ಅರ್ಥದ್ದು. ಅಂಥ ಮಾತು ಕೇಳುತ್ತ ಕುಗ್ಗಿದ ಮುದುಕರು ತಮಗಾಗಿ ಮನೆಯವರ ಕೂಲಿ ಕಳೆಯಲು ಒಪ್ಪುವುದೇ ಇಲ್ಲ. ಎಂದರೆ ‘ಉಚಿತ’ ಎಂದು ಬೋರ್ಡ್ ಹಾಕಿದ ಚಿಕಿತ್ಸೆಯೂ ಬಡವನ ಪಾಲಿಗೆ ದುಬಾರಿಯೇ.

ಮುಂದೆ ಈ ತಿಳಿವಳಿಕೆಯನ್ನು ಪರೀಕ್ಷೆಗೂ ಒಡ್ಡಲಾಯಿತು. ಕೆಲವು ಹಳ್ಳಿಗಳಲ್ಲಿ ಪ್ರಚಾರ ಮಾತ್ರ. ಕೆಲವೆಡೆ ಪ್ರಯಾಣ, ಊಟ ಸೇರಿದಂತೆ ಪೂರ್ತಿ ಖರ್ಚನ್ನು ಭರಿಸುವ ಭರವಸೆ. ಇನ್ನು ಕೆಲವೆಡೆ ಮನೆಮನೆ ಭೇಟಿ. ಹೆಚ್ಚು ಫಲ ಕೊಟ್ಟದ್ದು, ಈಗಾಗಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕಣ್ಣು ಪಡೆದವರೇ ಮನೆಮನೆಗೆ ಹೋಗಿ ಮಾತಾಡಿದ್ದು ಮತ್ತು ಅದರ ಜತೆಗೆ ಪೂರ್ತಿ ಖರ್ಚು ಭರಿಸಿದ್ದು. ಬಿಳಿ ಕೋಟಿನವರ ನೂರು ಭಾಷಣ ಮಾಡಲಾಗದ್ದನ್ನು ಪಕ್ಕದ ಬೀದಿಯ ಅಜ್ಜನೊಬ್ಬ ‘ನೋಡು, ನನಗೇನೂ ಆಗಲಿಲ್ಲ’ ಎಂದು ಹೇಳಿ ಮಾಡಿಬಿಡುತ್ತಾನೆ.

ಎರಡು ಮೇಜು, ಒಬ್ಬ ವೈದ್ಯ

ಪ್ರಯಾಣ, ಊಟ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಉಚಿತವಾಗಿ ಕೊಟ್ಟರೆ ಹಣ ಎಲ್ಲಿಂದ? ಉತ್ತರ ಎರಡು ಭಾಗದ್ದು. ಮೊದಲನೆಯದು, ಕೊಡಬಲ್ಲವರು ಕೊಡುತ್ತಾರೆ. ಇಲ್ಲಿ ವರಮಾನ ಪತ್ರ, ಪಡಿತರ ಚೀಟಿ ಕೇಳಿ ಬಡತನ ಸಾಬೀತು ಮಾಡಿಸುವ ಪದ್ಧತಿಯಿಲ್ಲ. ಯಾವ ವಿಭಾಗಕ್ಕೆ ಹೋಗಬೇಕೆಂಬುದು ರೋಗಿಯ ಆಯ್ಕೆ. ಹಣ ಕೊಡುವವರಿಗೆ ಮಂಚ, ಪ್ರತ್ಯೇಕ ಕೋಣೆ, ಮಸೂರದಲ್ಲಿ ಆಯ್ಕೆ. ಉಚಿತ ವಿಭಾಗದಲ್ಲಿ ಸಾಲು ಚಾಪೆ. ವ್ಯತ್ಯಾಸ ಇರುವುದು ವಸತಿ ಸೌಕರ್ಯದಲ್ಲಿ. ವೈದ್ಯರು ಎರಡೂ ಕಡೆ ಸರದಿಯ ಮೇಲೆ ಕೆಲಸ ಮಾಡುತ್ತಾರೆ. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ನೆರವೂ ಉಚಿತ ಚಿಕಿತ್ಸೆಗೆ ಸ್ವಲ್ಪ ಒದಗುತ್ತದೆ.

ಎರಡನೆಯದು ಕೆಲಸದ ಕ್ರಮ. ವೆಂಕಟಸ್ವಾಮಿ ಅಮೆರಿಕಕ್ಕೆ ಹೋದಾಗ ಮ್ಯಾಕ್‌ಡೊನಾಲ್ಡ್ಸ್ ತಿಂಡಿ ಅಂಗಡಿಗಳನ್ನು ಕಂಡು ಬೆರಗಾದರು. ಅವರ ಗಮನ ಸೆಳೆದದ್ದು ತಿಂಡಿಯಲ್ಲ, ಅದರ ಹಿಂದಿನ ವ್ಯವಸ್ಥೆ. ಯಾವ ಊರಿನಲ್ಲಿ ಯಾರು ಮಾಡಿದರೂ ಅದೇ ಗುಣಮಟ್ಟ, ಅದೇ ಬೆಲೆ ಹೇಗೆ ಸಾಧ್ಯ? ತಿಂಡಿಗೆ ಆಗುವುದಾದರೆ ಕಣ್ಣಿಗೇಕೆ ಆಗದು?

ಆ ಯೋಚನೆಯ ಫಲವನ್ನು ಅರವಿಂದದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕಾಣಬಹುದು. ಒಬ್ಬ ವೈದ್ಯರಿಗೆ ಪಕ್ಕಪಕ್ಕದಲ್ಲಿ ಎರಡು ಮೇಜು. ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಇನ್ನೊಂದರ ಮೇಲೆ ಮುಂದಿನ ರೋಗಿ ಸಿದ್ಧ. ಇಲ್ಲಿ ಮುಗಿದೊಡನೆ ವೈದ್ಯರು ಸೂಕ್ಷ್ಮದರ್ಶಕವನ್ನು ಅತ್ತ ತಿರುಗಿಸುತ್ತಾರೆ. ಕಣ್ಣು ತೊಳೆಯುವುದು, ಔಷಧ ಹಾಕುವುದು, ಉಪಕರಣ ಜೋಡಿಸುವುದು, ಪಟ್ಟಿ ಕಟ್ಟುವುದು ಇವೆಲ್ಲ ತರಬೇತಾದ ಸಹಾಯಕಿಯರ ಕೆಲಸ. ವೈದ್ಯರೇ ಮಾಡಬೇಕಾದದ್ದನ್ನು ಮಾತ್ರ ವೈದ್ಯರು ಮಾಡುತ್ತಾರೆ. ಹೀಗಾಗಿ ಇಲ್ಲಿನ ಒಬ್ಬ ವೈದ್ಯರು ವರ್ಷಕ್ಕೆ ಸುಮಾರು 2000 ಪೊರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಇದು ದೇಶದ ಸರಾಸರಿಗಿಂತ ಹಲವು ಪಟ್ಟು ಹೆಚ್ಚು. ಅವಸರದ ಕೆಲಸವೆಂಬ ಅನುಮಾನ ಬರುವುದು ಸಹಜ. ಆದರೆ ಪ್ರಕಟವಾದ ಅಂಕಿಅಂಶಗಳ ಪ್ರಕಾರ ಇಲ್ಲಿನ ಸೋಂಕಿನ ಪ್ರಮಾಣ ಶ್ರೀಮಂತ ದೇಶಗಳ ಆಸ್ಪತ್ರೆಗಳ ಸಾಲಿಗೆ ನಿಲ್ಲುವಷ್ಟು ಕಡಿಮೆ. ಒಂದೇ ಕೆಲಸವನ್ನು ಸಾವಿರಾರು ಸಲ ಮಾಡಿದ ಕೈ ಪಳಗಿರುತ್ತದೆ.

ಇನ್ನೊಂದು ದೊಡ್ಡ ಅಡ್ಡಿ ಮಸೂರದ ಬೆಲೆಯದಾಗಿತ್ತು. 1990ರ ಸುಮಾರಿನಲ್ಲಿ ವಿದೇಶದಿಂದ ತರಿಸುವ ಒಂದು ಕೃತಕ ಮಸೂರಕ್ಕೆ ನೂರು ಡಾಲರ್ ಆಸುಪಾಸು ಬೆಲೆ. ಹಣ ಕೊಡುವವರಿಗೆ ಮಸೂರ, ಬಡವರಿಗೆ ಸೋಡಾಬುಡ್ಡಿ ಎಂಬ ಸ್ಥಿತಿ. ಅಮೆರಿಕದ ಸೇವಾ ಫೌಂಡೇಶನ್, ಡೇವಿಡ್ ಗ್ರೀನ್ ಮೊದಲಾದವರ ನೆರವಿನಿಂದ 1992ರಲ್ಲಿ ಮದುರೆಯಲ್ಲೇ ಆರೋಲ್ಯಾಬ್ ಎಂಬ ಘಟಕ ಆರಂಭವಾಯಿತು. ಮಸೂರದ ಬೆಲೆ ಹತ್ತು ಡಾಲರ್ ಮಟ್ಟಕ್ಕೆ, ನಂತರ ಅದಕ್ಕೂ ಕೆಳಕ್ಕೆ ಇಳಿಯಿತು. ಇಂದು ಇಲ್ಲಿನ ಮಸೂರಗಳು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತವೆ. ಬಡವರ ಕಣ್ಣಿಗೆಂದು ತೆರೆದ ಘಟಕ ಜಗತ್ತಿನ ಮಾರುಕಟ್ಟೆಯಲ್ಲೇ ಬೆಲೆ ತಗ್ಗಲು ಕಾರಣವಾದದ್ದು ಸಣ್ಣ ಮಾತಲ್ಲ.

ಪಿಯುಸಿ ಮುಗಿಸಿದ ಹುಡುಗಿಯರು

ಆರೋಗ್ಯ ಕ್ಷೇತ್ರವೆಂದರೆ ಎಂಬಿಬಿಎಸ್ ಒಂದೇ ಎಂದು ನಂಬಿದವರು ಗಮನಿಸಬೇಕಾದ ವಿಷಯವೊಂದಿದೆ. ಅರವಿಂದದ ಸಿಬ್ಬಂದಿಯಲ್ಲಿ ಬಹುಪಾಲು ವೈದ್ಯರಲ್ಲ. ಸುತ್ತಲಿನ ಹಳ್ಳಿ, ಸಣ್ಣ ಊರುಗಳಿಂದ ಬಂದ ಯುವತಿಯರು. ಹನ್ನೆರಡನೇ ತರಗತಿ, ಅಂದರೆ ಪಿಯುಸಿಗೆ ಸಮಾನವಾದ ಓದು ಮುಗಿಸಿದವರನ್ನು ಆರಿಸಿ, ಭತ್ಯೆ ಕೊಟ್ಟು, ಎರಡು ವರ್ಷ ತರಬೇತಿ ನೀಡುತ್ತಾರೆ. ದೃಷ್ಟಿ ಪರೀಕ್ಷೆ, ಕನ್ನಡಕದ ನಂಬರು ತೆಗೆಯುವುದು, ಶಸ್ತ್ರಚಿಕಿತ್ಸೆಯಲ್ಲಿ ನೆರವು, ರೋಗಿಗೆ ಧೈರ್ಯ ಹೇಳುವುದು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ವಿಭಾಗ. ರೈತಾಪಿ ಮನೆಯ ಹುಡುಗಿಯೊಬ್ಬಳು ಇಪ್ಪತ್ತರ ವಯಸ್ಸಿಗೆ ಸಂಬಳ ಎಣಿಸುತ್ತಾಳೆ, ತನ್ನೂರಿನ ಅಜ್ಜಿಯರಿಗೆ ಅವರದೇ ಮಾತಿನಲ್ಲಿ ತಿಳಿಹೇಳುತ್ತಾಳೆ.

ಇದರಲ್ಲಿ ತೊಡಕುಗಳೂ ಇವೆ. ಕೆಲಸದ ಹೊರೆ ಹೆಚ್ಚು, ಶಿಸ್ತು ಬಿಗಿ. ಮದುವೆಯಾದ ಮೇಲೆ ಕೆಲಸ ಬಿಡುವವರು ಹಲವರು. ಕಲಿಸಿದ ಕೈಗಳು ಹೋದಂತೆ ಹೊಸಬರಿಗೆ ಮತ್ತೆ ಕಲಿಸಬೇಕು. ಚಾಪೆ, ಮಂಚಗಳ ಭೇದವನ್ನು ಒಪ್ಪದವರೂ ಇದ್ದಾರೆ. ಇದಲ್ಲದೆ ಈ ಮಾದರಿ ಎಲ್ಲ ಕಾಯಿಲೆಗೂ ಒಗ್ಗುವುದೆಂದು ತಿಳಿಯಬಾರದು. ಪೊರೆ ಒಂದು ಸಲದ ಚಿಕಿತ್ಸೆ. ಕ್ರಮ ನಿಶ್ಚಿತ, ಫಲ ಬೇಗ. ಕ್ಯಾನ್ಸರ್, ಕ್ಷಯ, ಮೂತ್ರಪಿಂಡದ ಕಾಯಿಲೆಗಳು ಹಾಗಲ್ಲ. ಅಲ್ಲಿ ಸರ್ಕಾರದ ಆಸ್ಪತ್ರೆಯ ಜಾಗವನ್ನು ಬೇರೆ ಯಾರೂ ತುಂಬಲಾರರು.

ನೂರರಲ್ಲಿ ಏಳು

ಶಿಬಿರಗಳು ತುಂಬಿ ತುಳುಕುತ್ತಿದ್ದವು. ಪತ್ರಿಕೆಗಳಲ್ಲಿ ಹೊಗಳಿಕೆ ಬರುತ್ತಿತ್ತು. ಕೆಲಸ ಸಾಧಿಸಿತೆಂದು ನೆಮ್ಮದಿಯಾಗಿರಲು ಇಷ್ಟು ಸಾಕಿತ್ತು. ಅಂಥ ಹೊತ್ತಿನಲ್ಲಿ, 1999ರಲ್ಲಿ, ಸಂಸ್ಥೆಯವರೂ ಸೇರಿ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಶಿಬಿರದಲ್ಲಿ ಎಷ್ಟು ಜನ ಇದ್ದಾರೆಂದು ಎಣಿಸುವ ಬದಲು ಆ ಹಳ್ಳಿಗಳಲ್ಲಿ ಕಣ್ಣಿನ ತೊಂದರೆ ಇದ್ದವರೆಷ್ಟು, ಅವರಲ್ಲಿ ಬಂದವರೆಷ್ಟು ಎಂದು ಅದರಲ್ಲಿ ನೋಡಲಾಗಿತ್ತು. ಬಂದವರು ನೂರಕ್ಕೆ ಸುಮಾರು ಏಳು ಮಂದಿ. ಊಟ, ಬಸ್ಸು, ಚಿಕಿತ್ಸೆ ಎಲ್ಲ ಉಚಿತವಾಗಿಯೂ ಉಳಿದ ತೊಂಬತ್ತಮೂರು ಮಂದಿ ಹೊರಗೇ ಉಳಿದಿದ್ದರು.

ಶಿಬಿರ ನಡೆಯುವುದು ವರ್ಷಕ್ಕೆ ಒಂದೋ ಎರಡೋ ದಿನ. ಕಣ್ಣು ನೋಯುವುದು ಆ ದಿನ ನೋಡಿಕೊಂಡಲ್ಲ. ಅಂದು ಹೊಲದಲ್ಲಿದ್ದವರು, ಮದುವೆಗೆ ಹೋದವರು, ಜ್ವರ ಬಂದು ಮಲಗಿದವರು ಮತ್ತೆ ಒಂದು ವರ್ಷ ಕಾಯಬೇಕು. ಈ ಅರಿವಿನಿಂದ ಹುಟ್ಟಿದ್ದೇ ದೃಷ್ಟಿ ಕೇಂದ್ರ. 2004ರಿಂದ ಸಂಸ್ಥೆ ಸಣ್ಣ ಊರುಗಳಲ್ಲಿ ಇಂಥ ಕಾಯಂ ಕೇಂದ್ರಗಳನ್ನು ತೆರೆಯತೊಡಗಿತು. ಒಂದು ಸಣ್ಣ ಕಟ್ಟಡ, ಕಣ್ಣು ಪರೀಕ್ಷಿಸುವ ಯಂತ್ರ, ಕಂಪ್ಯೂಟರ್, ತರಬೇತಾದ ಒಬ್ಬಿಬ್ಬರು ಸಹಾಯಕಿಯರು. ಪರೀಕ್ಷೆ ಮುಗಿದ ಮೇಲೆ ದೂರದ ಆಸ್ಪತ್ರೆಯಲ್ಲಿರುವ ವೈದ್ಯರು ವಿಡಿಯೋ ಮೂಲಕ ರೋಗಿಯನ್ನು ಮಾತಾಡಿಸಿ ಸಲಹೆ ಕೊಡುತ್ತಾರೆ. ಹಳ್ಳಿಗಳಿಗೆ ಒಳ್ಳೆಯ ಇಂಟರ್ನೆಟ್ ಇಲ್ಲದ ಆ ದಿನಗಳಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡವೊಂದು ಕಡಿಮೆ ಖರ್ಚಿನ, ದೂರ ಹಾಯುವ ವೈ-ಫೈ ಸಂಪರ್ಕವನ್ನು ತೇನಿ ಭಾಗದ ಕೇಂದ್ರಗಳಿಗೆ ಜೋಡಿಸಿಕೊಟ್ಟಿತು.

ಶುಲ್ಕ ಅಲ್ಪ; ದೂರ ಕಡಿಮೆ; ಕೂಲಿ ಪೂರ್ತಿ ಹೋಗುವುದಿಲ್ಲ. ಬಂದವರಲ್ಲಿ ಬಹುಪಾಲು ಮಂದಿಗೆ ಕನ್ನಡಕದಲ್ಲೋ ಹನಿ ಔಷಧದಲ್ಲೋ ಅಲ್ಲೇ ಪರಿಹಾರ ಸಿಗುತ್ತದೆ. ಶಸ್ತ್ರಚಿಕಿತ್ಸೆ ಬೇಕಾದವರು ಮಾತ್ರ ದೊಡ್ಡ ಆಸ್ಪತ್ರೆಗೆ ಹೋಗುತ್ತಾರೆ. ಸಕ್ಕರೆ ಕಾಯಿಲೆ ಹಳ್ಳಿಗಳಿಗೂ ಹಬ್ಬಿರುವ ಈಗ ಈ ಕೇಂದ್ರಗಳ ಅಗತ್ಯ ಇನ್ನೂ ಹೆಚ್ಚಿದೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು ಸದ್ದಿಲ್ಲದೆ ಕೆಡಿಸುತ್ತದೆ. ಕಾಣುವುದು ಕಡಿಮೆಯಾಗುವ ಹೊತ್ತಿಗೆ ತಡವಾಗಿರುತ್ತದೆ. 2020ರಲ್ಲಿ ಕೋವಿಡ್ ಬಂದು ಜನ ಸೇರುವ ಶಿಬಿರಗಳೆಲ್ಲ ನಿಂತಾಗ ಮನೆ ಹತ್ತಿರದ ಕೇಂದ್ರದ ಬೆಲೆ ಇನ್ನಷ್ಟು ಸ್ಪಷ್ಟವಾಯಿತು.

ಡಾ. ವೆಂಕಟಸ್ವಾಮಿ 2006ರ ಜುಲೈನಲ್ಲಿ ತೀರಿಕೊಂಡರು. ಸಂಸ್ಥೆಗೆ 2008ರಲ್ಲಿ ಗೇಟ್ಸ್ ಜಾಗತಿಕ ಆರೋಗ್ಯ ಪ್ರಶಸ್ತಿ, 2010ರಲ್ಲಿ ಹಿಲ್ಟನ್ ಮಾನವೀಯ ಪ್ರಶಸ್ತಿ ಬಂದವು.

ಮನೆಯಲ್ಲೇ ಆರಂಭ

ಬಾರದವರನ್ನು ಹುಡುಕುವ ಕೆಲಸ ಶಾಲೆಗಳಲ್ಲೂ ನಡೆಯುತ್ತಿದೆ. ಶಿಕ್ಷಕರಿಗೇ ತರಬೇತಿ ಕೊಟ್ಟು ತರಗತಿಯಲ್ಲಿ ದೃಷ್ಟಿ ಪರೀಕ್ಷೆ ಮಾಡಿಸುವುದು, ದೋಷವಿದ್ದ ಮಕ್ಕಳಿಗೆ ಕನ್ನಡಕ ಒದಗಿಸುವುದು ಸಂಸ್ಥೆಯ ಕೆಲಸಗಳಲ್ಲೊಂದು. ಬೋರ್ಡಿನ ಅಕ್ಷರ ಕಾಣದ ಮಗು ತನಗೆ ಕಾಣುವುದಿಲ್ಲ ಎಂದು ಹೇಳುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆಂದು ತಿಳಿದಿರುತ್ತದೆ. ಪುಸ್ತಕವನ್ನು ಮೂಗಿಗೆ ಹಿಡಿಯುವುದು, ಟಿ.ವಿ. ಮುಂದೆ ಹೋಗಿ ಕೂರುವುದು, ಕಣ್ಣು ಕಿರಿದು ಮಾಡಿ ನೋಡುವುದು, ಪಕ್ಕದವರ ಪುಸ್ತಕ ನೋಡಿ ಬರೆಯುವುದು ಇವು ಲಕ್ಷಣಗಳು. ಇದನ್ನು ಸೋಮಾರಿತನವೆಂದು ಗದರುವ ಮೊದಲು ಒಮ್ಮೆ ಕಣ್ಣು ತೋರಿಸುವುದು ಒಳ್ಳೆಯದು. ಹಾಗೆಯೇ ಸಕ್ಕರೆ ಕಾಯಿಲೆ ಇರುವ ತಂದೆತಾಯಿ ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಒಂದಿದೆ. ಮನೆಯಲ್ಲೋ ಬೀದಿಯಲ್ಲೋ ‘ವಯಸ್ಸಾಯಿತು ಬಿಡು’ ಎಂದು ಮೂಲೆ ಹಿಡಿದ ಅಜ್ಜ ಅಜ್ಜಿಯರು ಇದ್ದೇ ಇರುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಪೊರೆ ಶಸ್ತ್ರಚಿಕಿತ್ಸೆ ಉಚಿತವೆಂದು ಅವರಿಗೆ ಗೊತ್ತಿದ್ದರೂ ಕರೆದೊಯ್ಯುವವರಿರುವುದಿಲ್ಲ. ರಜೆಯ ಒಂದು ದಿನ ಅವರ ಕೈ ಹಿಡಿದು ಬಸ್ಸು ಹತ್ತಿಸಿದರೆ ಯಾರ ಕೂಲಿಯೂ ಹೋಗುವುದಿಲ್ಲ.

ಸೇವೆ ಎಂದರೆ ಬಾಗಿಲು ತೆರೆದು ಕೂರುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಬಂದವರನ್ನು ಚೆನ್ನಾಗಿ ನೋಡಿಕೊಳ್ಳುವ ಆಸ್ಪತ್ರೆಗಳು ಬಹಳ. ಬಾರದವರು ಯಾರು, ಏಕೆ ಬರಲಿಲ್ಲ ಎಂದು ಕೇಳಿಕೊಂಡು ಹೋಗುವವು ಕಡಿಮೆ. ಶಾಲೆ, ಗ್ರಂಥಾಲಯ, ಪಂಚಾಯಿತಿ ಯಾವುದಕ್ಕಾದರೂ ಈ ಪ್ರಶ್ನೆ ಸಲ್ಲುತ್ತದೆ. ಹಾಜರಿ ಪುಸ್ತಕದಲ್ಲಿ ಬಂದವರ ಹೆಸರಿನಷ್ಟೇ ಗಮನದಿಂದ ಬಾರದವರ ಹೆಸರನ್ನೂ ಓದಬೇಕು.